ಮೂರನೇ ಸೆಮಿಸ್ಟರ್ ನಡುವೆ ಓದಿಗೆ ಬಿಡುವು ಕೊಡಬಹುದೇ?

ಶಿರಸಿಯ ಹತ್ತಿರದ ಊರಿನವರಾದ ನೀವು ಹುಬ್ಬಳ್ಳಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜೊಂದರಲ್ಲಿ ಮೂರನೇ ಸೆಮಿಸ್ಟರ್ ಎಂಜಿನಿಯರಿಂಗ್ ಓದುತ್ತಿದ್ದೀರಿ; ರಾತ್ರಿ ನಿದ್ದೆಯಿಲ್ಲ, ತರಗತಿಯಲ್ಲಿ ಕೂತರೂ ಏನೂ ತಲೆಗೆ ಹೋಗುತ್ತಿಲ್ಲ, ಒಂದು ಸೆಮಿಸ್ಟರ್ ಮನೆಗೆ ಹೋಗಿ ಸುಧಾರಿಸಿಕೊಂಡು ಬರಬೇಕೆಂದಿದ್ದೀರಿ, ಆದರೆ ವರ್ಷ ಹಾಳಾಗುತ್ತದೆಂದು ಅಪ್ಪ, ಆಯಿ ಒಪ್ಪುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ಶಿರಸಿಯವನೇ. ಈಗ ಕಾರವಾರದ ಕಡೆ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ, ಇಂಥ ಅರ್ಜಿ ಹಿಡಿದು ಬಂದವರ ಜೊತೆ ಕೂತು ಮಾತನಾಡಿದ್ದೇನೆ. ಬಿಡುವು ತೆಗೆದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಬಿಡುವು ತೆಗೆದುಕೊಳ್ಳುವುದು ಬೇರೆ, ಸುಮ್ಮನೆ ಕಾಲೇಜಿಗೆ ಹೋಗದೇ ಉಳಿಯುವುದು ಬೇರೆ. ನಾನು ಕಂಡ ಹುಡುಗರಲ್ಲಿ ತೊಂದರೆಗೆ ಸಿಕ್ಕಿದವರೆಲ್ಲ ಎರಡನೆಯ ದಾರಿ ಹಿಡಿದವರು.

ಅದು ಹೇಗಾಗುತ್ತದೆಂದರೆ, ಮೊದಲು ಬೆಳಗಿನ ಒಂದು ಪಿರಿಯಡ್ ತಪ್ಪುತ್ತದೆ, ಆಮೇಲೆ ಲ್ಯಾಬ್ ತಪ್ಪುತ್ತದೆ, ಪ್ರಾಕ್ಟರ್, ಅಂದರೆ ನಿಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರು, ಫೋನ್ ಮಾಡಿದರೆ ಎತ್ತಲು ಸಂಕೋಚ, ಕೊನೆಗೆ ಹಾಸ್ಟೆಲ್ ಕೋಣೆಯ ಕಿಟಕಿ ಮುಚ್ಚಿಕೊಂಡು ಮಧ್ಯಾಹ್ನದವರೆಗೆ ಮಲಗುವುದೇ ದಿನಚರಿಯಾಗುತ್ತದೆ. ವಿಟಿಯು ನಿಯಮದಂತೆ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಅನಾರೋಗ್ಯದಂಥ ಕಾರಣಕ್ಕೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಶೇ. 10ರಷ್ಟು ವಿನಾಯಿತಿ ಸಿಗಬಹುದು. ಅದಕ್ಕೂ ಕೆಳಗೆ ಇಳಿದರೆ ಬಿಡುವಿನ ತೀರ್ಮಾನ ನಿಮ್ಮ ಕೈಯಲ್ಲಿ ಉಳಿಯುವುದಿಲ್ಲ, ಹಾಜರಾತಿ ಪಟ್ಟಿಯೇ ತೀರ್ಮಾನಿಸುತ್ತದೆ. ಆದ್ದರಿಂದ ಹೊರಗೆ ಬರುವುದೇ ಆದರೆ ವೈದ್ಯರ ಪ್ರಮಾಣಪತ್ರ ಸೇರಿಸಿ ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬನ್ನಿ.

ಇನ್ನೊಂದು ಸಂಗತಿಯನ್ನು ಮನೆಯವರಿಗೂ ಈಗಲೇ ತಿಳಿಸಿಬಿಡುವುದು ಒಳ್ಳೆಯದು. ನೀವು ಒಂದು ಸೆಮಿಸ್ಟರ್ ಎಂದು ಎಣಿಸಿದ್ದೀರಿ. ಮೂರನೇ ಸೆಮಿಸ್ಟರ್ ಅನ್ನು ನಡುವೆ ಬಿಟ್ಟವರು ಮತ್ತೆ ಸೇರಬೇಕಾದದ್ದು ಮೂರನೇ ಸೆಮಿಸ್ಟರಿಗೇ, ಅದರ ತರಗತಿಗಳು ಮತ್ತೆ ಶುರುವಾಗುವುದು ಮುಂದಿನ ವರ್ಷ. ಹೀಗಾಗಿ ನಿಮ್ಮ ಬಿಡುವು ಕಾರ್ಯತಃ ಒಂದು ವರ್ಷದ್ದು. ಹೆದರುವಂಥದ್ದೇನಲ್ಲ. ನಾಲ್ಕು ವರ್ಷದ ಬಿ.ಇ. ಮುಗಿಸಲು ಎಂಟು ವರ್ಷದವರೆಗೆ ಅವಕಾಶವಿದೆ. ಆದರೆ ಈ ವಿಶ್ವವಿದ್ಯಾಲಯ ಪಠ್ಯಕ್ರಮವನ್ನು, ಅಂದರೆ ನಾವು ಸ್ಕೀಮ್ ಎನ್ನುವುದನ್ನು, ಪದೇ ಪದೇ ಬದಲಿಸುತ್ತದೆ. 2018, 2021, 2022ರ ಸ್ಕೀಮ್‌ಗಳು ಒಂದರ ಬೆನ್ನಿಗೆ ಒಂದು ಬಂದದ್ದನ್ನು ನೋಡಿದ್ದೀರಿ. ನೀವು ಹಿಂದಿರುಗುವಾಗ ಕಿರಿಯರ ಸ್ಕೀಮ್ ಬೇರೆಯಾಗಿದ್ದರೆ ಕೆಲವು ವಿಷಯಗಳನ್ನು ಹೆಚ್ಚುವರಿಯಾಗಿ ಓದಬೇಕಾಗಿ ಬರಬಹುದು. ಅರ್ಜಿ ಕೊಡುವ ದಿನವೇ ಪರೀಕ್ಷಾ ವಿಭಾಗದ ಗುಮಾಸ್ತರನ್ನು ಈ ಬಗ್ಗೆ ಕೇಳಿ. ಅವರಿಗೆ ತಿಳಿದಷ್ಟು ನಮ್ಮಂಥ ಮೇಷ್ಟ್ರುಗಳಿಗೂ ತಿಳಿದಿರುವುದಿಲ್ಲ. ವಿದ್ಯಾರ್ಥಿವೇತನ ಮತ್ತು ಹಾಸ್ಟೆಲ್ ಸೀಟು ವರ್ಷವರ್ಷವೂ ನವೀಕರಣವಾಗುವಂಥವು. ಶಿಕ್ಷಣ ಸಾಲವಿದ್ದರೆ ಬ್ಯಾಂಕಿಗೂ ಒಂದು ಪತ್ರ ಕೊಡಿ.

ಇಷ್ಟೆಲ್ಲಕ್ಕಿಂತ ಮೊದಲು ವೈದ್ಯರನ್ನು ಕಾಣಬೇಕು. ನಿದ್ದೆಗೆಡುವುದು, ಆಯಾಸ, ಮನಸ್ಸು ನಿಲ್ಲದಿರುವುದು ಖಿನ್ನತೆಯಿಂದಲೂ ಆಗಬಹುದು, ಥೈರಾಯ್ಡ್ ತೊಂದರೆಯಿಂದಲೂ ಆಗಬಹುದು; ರಕ್ತಹೀನತೆ, ಬಿ12 ಕೊರತೆ ಇದ್ದರೂ ಇಂಥ ಸುಸ್ತು ಕಾಣಿಸಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿದ್ದಾಗಲೇ ಹೋಗುವುದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಊರಿಗೆ ಬಂದ ಮೇಲೆ ಶಿರಸಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಎಂಬ ಕಾರ್ಯಕ್ರಮ ರಾಜ್ಯದಲ್ಲಿದೆ. ಊರಿನವರು ನೋಡುತ್ತಾರೆಂಬ ಅಳುಕಿದ್ದರೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬನ್ನಿ. ನಿಮ್ಮ ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಖಿನ್ನತೆಗೆ ಕೊಡುವ ಮಾತ್ರೆಗಳ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಒಂದು ವಾರ ನುಂಗಿ ಗುಣವಿಲ್ಲವೆಂದು ತಾವಾಗಿಯೇ ಬಿಟ್ಟವರನ್ನು ಕಂಡಿದ್ದೇನೆ, ಹಾಗೆ ಮಾಡಬೇಡಿ. ಬದುಕೇ ಬೇಡವೆನ್ನುವ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಅರ್ಜಿ, ಹಾಜರಾತಿ ಎಲ್ಲ ಹಾಗೇ ಇರಲಿ, ಇವತ್ತೇ ಮನೆಯವರಲ್ಲಿ ಒಬ್ಬರಿಗೆ ಹೇಳಿ ಮತ್ತು 14416ಕ್ಕೆ ಕರೆ ಮಾಡಿ. ಅದು ಟೆಲಿ-ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಮನೆಗೆ ಬಂದ ಮೇಲಿನ ದಿನಗಳ ಬಗ್ಗೆಯೂ ಸ್ವಲ್ಪ ಯೋಚಿಸಿ. ಘಟ್ಟದ ಮೇಲಿನ ಮಳೆಗಾಲ ನಿಮಗೆ ಗೊತ್ತೇ ಇದೆ: ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಮಧ್ಯಾಹ್ನವೇ ಮನೆಯೊಳಗೆ ಕತ್ತಲೆ. ಮನಸ್ಸು ಕುಗ್ಗಿದವರು ಅಂಥ ದಿನಗಳಲ್ಲಿ ಒಳಗೇ ಕೂತರೆ ಹಾಸ್ಟೆಲ್ ಕೋಣೆಯೇ ಊರಿಗೆ ಬಂದಂತಾಗುತ್ತದೆ. ಹೊನ್ನಾವರ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಬಿಡುವಿನಲ್ಲಿ ದಿನಾ ಬೆಳಿಗ್ಗೆ ಡೇರಿಗೆ ಹಾಲು ಕೊಟ್ಟು ಬರುವ ಕೆಲಸವನ್ನು ತಾಯಿಯಿಂದ ತಾನು ವಹಿಸಿಕೊಂಡಿದ್ದ. ಡೇರಿ ಬಾಗಿಲು ಹಾಕುವುದರೊಳಗೆ ಕ್ಯಾನು ಅಲ್ಲಿರಬೇಕಾದ್ದರಿಂದ ಏಳುವ ಹೊತ್ತು ತಾನಾಗಿ ನಿಂತಿತು, ಸಾಲಿನಲ್ಲಿ ನಾಲ್ಕು ಜನರ ಜೊತೆ ಮಾತೂ ಆಯಿತು. ನಿಮ್ಮಲ್ಲಿ ಅಡಿಕೆ ತೋಟವಿದ್ದರೆ ಕೊನೆಕೊಯ್ಲಿನ ಹೊತ್ತಿಗೆ ಕೆಲಸಕ್ಕೆ ಬರವಿಲ್ಲ, ಆದರೆ ಇಡೀ ತೋಟದ ಜವಾಬ್ದಾರಿ ಹೊತ್ತುಕೊಳ್ಳಬೇಡಿ. ಓದು ಬಿಟ್ಟ ಮಗ ಕೆಲಸಕ್ಕೆ ಸಿಕ್ಕಿದನೆಂದಾದರೆ ಮರಳಿ ಕಳಿಸುವ ಮನಸ್ಸು ಮನೆಯವರಿಗೂ ಕಡಿಮೆಯಾಗುತ್ತದೆ.

ನೆಂಟರು ಕೇಳುತ್ತಾರೆ. ಮುಂಜಿ ಮನೆಯ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಮಾರಿಕಾಂಬಾ ಜಾತ್ರೆಯ ವರ್ಷವಾದರಂತೂ ಎಲ್ಲಿಂದಲೋ ಬಂದವರೂ ಕೇಳುತ್ತಾರೆ. ಆರೋಗ್ಯ ಸರಿಯಿರಲಿಲ್ಲ, ಮುಂದಿನ ವರ್ಷ ಸೇರುತ್ತೇನೆ ಎಂಬ ಒಂದೇ ಉತ್ತರವನ್ನು ಮನೆಯವರೆಲ್ಲ ಹೇಳುವಂತೆ ಮೊದಲೇ ಮಾತಾಡಿಕೊಳ್ಳಿ. ಉದ್ಯೋಗದ ಸಂದರ್ಶನದಲ್ಲೂ ಅದೇ ಉತ್ತರ ಸಾಕು. ಕ್ಯಾಂಪಸ್‌ಗೆ ಬರುವ ಕೆಲವು ಕಂಪನಿಗಳು ಓದಿನ ನಡುವಿನ ಗ್ಯಾಪ್ ಬಗ್ಗೆ ಷರತ್ತು ಹಾಕುವುದುಂಟು, ಆದರೆ ಬ್ಯಾಕ್‌ಲಾಗ್‌ಗಳು, ಅಂದರೆ ಪಾಸಾಗದೆ ಬಾಕಿ ಉಳಿದ ವಿಷಯಗಳು, ಅದಕ್ಕಿಂತ ಹೆಚ್ಚು ಕಾಡುತ್ತವೆ. ಅಪ್ಪನಿಗೆ ಈ ಲೆಕ್ಕವನ್ನೇ ತೋರಿಸಿ: ಈ ಸ್ಥಿತಿಯಲ್ಲಿ ಪರೀಕ್ಷೆಗೆ ಕೂತು ಐದಾರು ವಿಷಯ ಉಳಿಸಿಕೊಂಡರೆ ಮುಂದಿನ ವರ್ಷಕ್ಕೆ ಹೋಗಲಾಗದೆ, ಅಂದರೆ ಇಯರ್ ಬ್ಯಾಕ್ ಆಗಿ, ಹೇಗೂ ವರ್ಷ ಹೋಗಬಹುದು, ಚಿಕಿತ್ಸೆಯೂ ಆಗಿರುವುದಿಲ್ಲ. ಸಾಧ್ಯವಾದರೆ ಅವರನ್ನೂ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ನೀವು ಹೇಳಿದರೆ ಸೋಮಾರಿತನವೆಂದು ಕೇಳಿಸುವುದು ಡಾಕ್ಟರು ಹೇಳಿದರೆ ಕಾಯಿಲೆಯೆಂದು ಕೇಳಿಸುತ್ತದೆ.

ಮರುಪ್ರವೇಶದ ಪ್ರಕಟಣೆಗಾಗಿ ಕಾಯುತ್ತ ಕೂರಬೇಡಿ. ಹೊಸ ಶೈಕ್ಷಣಿಕ ವರ್ಷ ಶುರುವಾಗುವ ಒಂದೆರಡು ತಿಂಗಳು ಮೊದಲೇ ಕಾಲೇಜಿಗೆ ಖುದ್ದಾಗಿ ಹೋಗಿ, ಮೊಹರು ಹಾಕಿಸಿಕೊಂಡ ಆ ಪ್ರತಿಯನ್ನೂ ವೈದ್ಯರಿಂದ ಪಡೆದ ದೈಹಿಕ, ಮಾನಸಿಕ ಕ್ಷಮತೆಯ ಪತ್ರವನ್ನೂ ಕಚೇರಿಯಲ್ಲಿ ಕೊಟ್ಟು, ಶುಲ್ಕ ಕಟ್ಟುವ ಕೊನೆಯ ದಿನ ಯಾವುದೆಂದು ಬರೆದುಕೊಂಡು ಬನ್ನಿ.