ಕೈಗೆ ಸಿಗುವ ಅಂಚು ಮೊದಲು

ಪ್ರಶ್ನೆ: ಸರ್, ಮನೆಯಲ್ಲೇ ಒಂದು ಸಣ್ಣ ಕ್ಯಾಂಪಿಂಗ್ ಟ್ರೇಲರ್ ಕಟ್ಟುತ್ತಿದ್ದೇನೆ. ಹಿಂಬದಿಯ ಅಡುಗೆ ಕಟ್ಟೆಗೆ ಮತ್ತು ಚಕ್ರದ ಮೇಲಿನ ಕವರಿಗೆ 1 ಮಿ.ಮೀ. ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಶೀಟ್ ತಂದಿದ್ದೇನೆ. ಮೊದಲ ದಿನವೇ ಶೀಟ್ ಜಾರಿ ಅಂಗೈ ಕುಯ್ದುಕೊಂಡಿತು. ಮೂರು ಡ್ರಿಲ್ ಬಿಟ್ ಸುಟ್ಟು ನೀಲಿಯಾದವು, ತೂತು ಮಾತ್ರ ಆಗಲಿಲ್ಲ. ಕಬ್ಬಿಣದ ಕೆಲಸ ನನಗೆ ಚೆನ್ನಾಗಿ ಗೊತ್ತು. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ನಿಮ್ಮ ಕೈ ನೋಡೋಣ. ಬೆರಳು ಮಡಚಲು ಕಷ್ಟವಾದರೆ, ತುದಿಯಲ್ಲಿ ಜೋಮು ಹಿಡಿದಂತೆ ಇದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷ ಆಯ್ತು ಅಂತ ಅವರಿಗೆ ಹೇಳಿ. ಟ್ರೇಲರ್ ಒಂದು ವಾರ ಕಾಯುತ್ತದೆ.

ನನ್ನ ಎಡಗೈ ಹೆಬ್ಬೆರಳ ಬುಡದಲ್ಲೂ ಒಂದು ಗೆರೆ ಇದೆ. ಕೈಜಾರಿದ ಶೀಟನ್ನು ಹಿಡಿಯಲು ಹೋಗಿ ಬಂದದ್ದು. ಆಗ ನನಗೂ ಕಬ್ಬಿಣದ ಕೆಲಸ ಚೆನ್ನಾಗಿ ಗೊತ್ತಿತ್ತು. 8 ಅಡಿ ಉದ್ದ, 4 ಅಡಿ ಅಗಲದ 1 ಮಿ.ಮೀ. ಶೀಟ್ ಸುಮಾರು 24 ಕೆ.ಜಿ. ತೂಗುತ್ತದೆ. ಭಾರಕ್ಕಿಂತ ಅದು ತೊನೆದಾಡುವುದೇ ಕಷ್ಟ. ನಡುವೆ ಬಾಗಿ, ತಟಕ್ಕನೆ ಸೆಟೆದು ಕೈ ತಪ್ಪಿಸಿಕೊಳ್ಳುತ್ತದೆ. ಇಬ್ಬರು ಸೇರಿ ಎತ್ತಿ. ಗಾಳಿ ಜೋರಾಗಿದ್ದರೆ ಹೊರಗೆ ತರಲೇಬೇಡಿ. ಕಟ್ ರೆಸಿಸ್ಟೆಂಟ್ ಗ್ಲೌಸ್ ಹಾಕಿ. ಹಳೇ ನೀರಿನ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿದರೆ ಹಿಡಿಯಲು ಸುಲಭ. ಜಾರಿತೋ, ಬಿಟ್ಟುಬಿಡಿ, ಹಿಂದಕ್ಕೆ ಸರಿಯಿರಿ. ಶೀಟ್ ನಜ್ಜಾದರೆ ಇನ್ನೊಂದು ತರಬಹುದು.

ಕತ್ತರಿಸಿದ ಅಂಚನ್ನು ಹತ್ತಿರದಿಂದ ನೋಡಿ. ಒಂದು ಮಗ್ಗುಲು ನುಣ್ಣಗೆ ಉರುಟಾಗಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಕೂದಲೆಳೆಯಷ್ಟು ಸಣ್ಣ ಬರ್, ಅಂದರೆ ಲೋಹದ ಚೂಪು ಸಿಬಿರು, ಎದ್ದಿರುತ್ತದೆ. ಕುಯ್ಯುವುದು ಆ ಬರ್. ಬೆರಳಿಂದ ಪರೀಕ್ಷೆ ಬೇಡ, ಒಂದು ಚೂರು ಹತ್ತಿಯನ್ನು ಕಡ್ಡಿಗೆ ಸುತ್ತಿ ಅಂಚಿನ ಮೇಲೆ ಎಳೆಯಿರಿ. ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಇನ್ನೂ ಅರ ಆಡಬೇಕು. ಅರವನ್ನು ಓರೆಯಾಗಿ ಹಿಡಿದು ಅಂಚಿನ ಉದ್ದಕ್ಕೆ ತಳ್ಳಿ, ಎರಡೂ ಮಗ್ಗುಲು. ಕತ್ತರಿಸಿದ ತಕ್ಷಣ ಇದನ್ನು ಮಾಡಿ. "ಕೊನೆಗೆ ಎಲ್ಲಾ ಒಟ್ಟಿಗೆ ಮಾಡೋಣ" ಅಂದುಕೊಂಡರೆ ಅಷ್ಟರಲ್ಲಿ ಆ ತುಂಡನ್ನು ಇಪ್ಪತ್ತು ಸಲ ಮುಟ್ಟಿರುತ್ತೀರಿ.

ನಿಮ್ಮದು ಟ್ರೇಲರ್ ಆದ್ದರಿಂದ ಇನ್ನೂ ಒಂದು ಮಾತು. ರಾತ್ರಿ ಕತ್ತಲಲ್ಲಿ ತಡಕಾಡುತ್ತಾ ಯಾರೋ ಆ ಕಟ್ಟೆಯ ತುದಿಗೆ ಕೈ ಹಾಕುತ್ತಾರೆ. ಮಕ್ಕಳ ಹಣೆ ಅದೇ ಎತ್ತರಕ್ಕೆ ಬರುತ್ತದೆ. ಹಾಗಾಗಿ ಹೊರಗೆ ಕಾಣುವ ಅಂಚುಗಳನ್ನು ಒಳಕ್ಕೆ ಪೂರ್ತಿ ಮಡಚಿಸಿ. 1 ಮಿ.ಮೀ. ಸ್ಟೀಲನ್ನು ಸುತ್ತಿಗೆಯಿಂದ ನೀಟಾಗಿ ಮಡಚಲು ಆಗಲ್ಲ, ಬೆಂಡಿಂಗ್ ಮಷಿನ್ ಇರುವ ಕಡೆ ಮಾಡಿಸಿ. ಮೂಲೆಗಳನ್ನು ದುಂಡಗೆ ಕತ್ತರಿಸಿ. ವೈರು, ಗ್ಯಾಸ್ ಟ್ಯೂಬ್ ಹೋಗುವ ತೂತುಗಳಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಲೇಬೇಕು. ಗಾಡಿ ಓಡುವಾಗ ಅದುರಿ ಅದುರಿ ಆ ತೂತಿನ ಅಂಚು ವೈರಿನ ಪ್ಲಾಸ್ಟಿಕ್ಕನ್ನು ಸವೆಸುತ್ತಲೇ ಇರುತ್ತದೆ.

ಇನ್ನು ಬಿಟ್ ವಿಷಯ. 304 ಸ್ಟೀಲನ್ನು ಉಜ್ಜಿದಷ್ಟೂ ಅದು ಗಟ್ಟಿಯಾಗುತ್ತದೆ. ನೀವು ಜೋರಾಗಿ ತಿರುಗಿಸಿ ಮೆಲ್ಲಗೆ ಒತ್ತಿದ್ದೀರಿ, ಅಲ್ವಾ? ಮಾಡಬೇಕಾದದ್ದು ತಿರುವುಮುರುವು: ನಿಧಾನ ತಿರುಗಿಸಿ, ಗಟ್ಟಿಯಾಗಿ ಒತ್ತಿ. 5 ಮಿ.ಮೀ. ಕೋಬಾಲ್ಟ್ ಬಿಟ್‌ಗೆ ನಿಮಿಷಕ್ಕೆ 600–700 ಸುತ್ತು ಸಾಕು. ಕಟಿಂಗ್ ಆಯಿಲ್ ಹಾಕುತ್ತಿರಿ. ಸುರುಳಿ ಸುರುಳಿಯಾಗಿ ಚೂರು ಬರುತ್ತಿದ್ದರೆ ಕೆಲಸ ಸರಿಯಾಗಿದೆ. ಪುಡಿ ಬಂದರೆ, ಕಿರುಗುಟ್ಟಿದರೆ ತಕ್ಷಣ ನಿಲ್ಲಿಸಿ. ಶೀಟಿನಲ್ಲಿ ನೀಲಿಯಾದ ಜಾಗಕ್ಕೆ ಹಿಂಬದಿಯಿಂದ ಹೊಸ ಬಿಟ್ ಹಾಕಿ ನೋಡಿ.

ಡ್ರಿಲ್ ಮಾಡುವಾಗ ಮಾತ್ರ ಗ್ಲೌಸ್ ತೆಗೆಯಿರಿ. ತಿರುಗುವ ಬಿಟ್ ಗ್ಲೌಸಿನ ಎಳೆ ಹಿಡಿದರೆ ಬೆರಳನ್ನೂ ಸುತ್ತಿಕೊಳ್ಳುತ್ತದೆ. ಶೀಟಿನ ಅಡಿಗೆ ಮರದ ಹಲಗೆ ಇಟ್ಟು ಎರಡು ಕಡೆ ಕ್ಲ್ಯಾಂಪ್ ಬಿಗಿಯಿರಿ. ಬಿಟ್ ಆಚೆ ತೂರುವ ಗಳಿಗೆಯಲ್ಲೇ ಅದು ಶೀಟನ್ನು ಕಚ್ಚಿ ಗಿರ್ರನೆ ತಿರುಗಿಸುವುದು. ಕೈಯಲ್ಲಿ ಹಿಡಿದ ಸಣ್ಣ ತುಂಡು ಆಗ ಫ್ಯಾನಿನ ರೆಕ್ಕೆಯಂತೆ ಬೀಸುತ್ತದೆ.

ಪ್ರಶ್ನೆ: ಚಕ್ರದ ಕವರಿನ ಒಳಮೂಲೆ ಕತ್ತರಿಸಲು ಆಂಗಲ್ ಗ್ರೈಂಡರಿನ ಗಾರ್ಡ್ (ವೀಲಿನ ಮೇಲಿನ ರಕ್ಷಣೆಯ ಕವರ್) ಅಡ್ಡ ಬರುತ್ತದೆ. ಈ ಒಂದು ಸಲಕ್ಕೆ ಮಾತ್ರ ಗಾರ್ಡ್ ತೆಗೆಯಬಹುದಾ?

ಉತ್ತರ: ಬೇಡ. 115 ಮಿ.ಮೀ. ಕಟಿಂಗ್ ವೀಲಿನ ಅಂಚು ಸೆಕೆಂಡಿಗೆ ಸುಮಾರು 70–80 ಮೀಟರ್ ವೇಗದಲ್ಲಿ ಓಡುತ್ತದೆ. ಒಡೆದರೆ ಚೂರು ಅದೇ ವೇಗದಲ್ಲಿ ಮುಖಕ್ಕೆ ಬರುತ್ತದೆ. ಶೀಟನ್ನು ಟ್ರೇಲರಿನಿಂದ ಬಿಚ್ಚಿ, ಬೆಂಚಿನ ಮೇಲೆ ಕತ್ತರಿಸಿ ಮತ್ತೆ ಕೂರಿಸಿ. ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಗಾಗಲ್ಸ್ ಮೇಲೆ ಫೇಸ್ ಶೀಲ್ಡ್ ಹಾಕಿ. ಕತ್ತರಿಸುವ ವೀಲಿನ ಮಗ್ಗುಲಿಂದ ಅಂಚು ಉಜ್ಜಬೇಡಿ, ಅದು ಆ ಕೆಲಸಕ್ಕೆ ಮಾಡಿದ್ದಲ್ಲ. ಕಿಡಿ ಹಾರುವ ದಿಕ್ಕಿನಲ್ಲಿ ಫೋಮ್, ಪ್ಲೈವುಡ್, ಗ್ಯಾಸ್ ಸಿಲಿಂಡರ್ ಇರಬಾರದು. ಫೋಮಿನೊಳಗೆ ಬಿದ್ದ ಕಿಡಿ ನೀವು ಊಟಕ್ಕೆ ಹೋದ ಮೇಲೆ ಹತ್ತಿಕೊಳ್ಳಬಹುದು.

ಪ್ರಶ್ನೆ: ಗೆಳೆಯರೊಬ್ಬರು ಮೂಲೆಗಳನ್ನು ವೆಲ್ಡ್ ಮಾಡಿಕೊಡುತ್ತಾರೆ. ಬಯಲಲ್ಲೇ ಮಾಡುವುದರಿಂದ ಮಾಸ್ಕ್ ಬೇಕಾ?

ಉತ್ತರ: ಬೇಕು. 304ರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ ಇದೆ. ವೆಲ್ಡಿಂಗ್ ಹೊಗೆಯಲ್ಲಿ ಅದು ಕ್ಯಾನ್ಸರ್ ತರುವ ರೂಪಕ್ಕೆ ತಿರುಗುತ್ತದೆ. ಬಟ್ಟೆ ಮಾಸ್ಕ್ ಸಾಲದು, ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯ ಫಿಲ್ಟರ್ ಮಾಸ್ಕ್ ಇರಲಿ. ಹೊಗೆ ಮುಖದ ಕಡೆ ಬರದಂತೆ ಗಾಳಿಗೆ ಮಗ್ಗುಲಾಗಿ ನಿಲ್ಲಲು ಹೇಳಿ. ಇನ್ನೊಂದು: ಜಿಡ್ಡು ತೆಗೆಯಲು ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಾಕಿದ ಶೀಟನ್ನು ವೆಲ್ಡ್ ಮಾಡಬಾರದು. ಅದರಿಂದ ಫಾಸ್ಜೀನ್ ಎಂಬ ವಿಷಗಾಳಿ ಹುಟ್ಟಬಹುದು. ಆ ಡಬ್ಬಿಯನ್ನು ಕೆಲಸದ ಜಾಗದಲ್ಲಿ ಇಡಲೇಬೇಡಿ.

ಪ್ರಶ್ನೆ: ನೆಲದ ಮೇಲಿನ ಚೂರುಗಳನ್ನು ಆಯಸ್ಕಾಂತದಿಂದ ಎತ್ತಿದೆ. ಆದರೂ ಮಗಳ ಕಾಲಿಗೆ ಚುಚ್ಚಿತು.

ಉತ್ತರ: 304ಕ್ಕೆ ಆಯಸ್ಕಾಂತ ಸರಿಯಾಗಿ ಅಂಟುವುದಿಲ್ಲ. ನೀವು ಎತ್ತಿದ್ದು ಬಹುಶಃ ಕಬ್ಬಿಣದ ಚೂರು. ಗುಡಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಆ ಬಟ್ಟೆಯನ್ನು ಎಸೆಯಿರಿ. ಮನೆಯೊಳಗೆ ಹೋಗುವ ಮುಂಚೆ ಪ್ರತಿ ಸಲ ನಿಮ್ಮ ಶೂ ಅಡಿಯನ್ನು ತಿರುಗಿಸಿ ನೋಡಿ, ಚೂರು ಒಳಗೆ ಬರುವುದು ಅಲ್ಲಿಂದಲೇ.