ಇಬ್ಬರು ನಡೆದ ದಾರಿಗೆ ಒಂದೇ ದಾರ

ಪ್ರಶ್ನೆ: ನಾನೂ ನನ್ನ ಯಜಮಾನರೂ ವರ್ಷಗಟ್ಟಲೆ ಬೆಳಗಿನ ಹೊತ್ತು ಸ್ಯಾಂಕಿ ಕೆರೆಯ ಸುತ್ತ ನಡೆಯುತ್ತಿದ್ದೆವು. ಅವರು ತೀರಿಕೊಂಡ ಮೇಲೂ ಆ ನಡಿಗೆಯನ್ನು ನಾನು ಬಿಟ್ಟಿಲ್ಲ. ವರ್ಷಾಂತಿಕದ ಹೊತ್ತಿಗೆ ಈ ನಡಿಗೆಯಿಂದಲೇ ಅವರ ನೆನಪಿಗೆ ಏನಾದರೂ ರೂಪಿಸಬೇಕೆಂಬ ಆಸೆಯಿದೆ. ನನಗೆ ಚಿತ್ರ ಬರೆಯಲು ಬಾರದು. ಧಾರವಾಡದ ತವರಿನಲ್ಲಿ ಕಲಿತ ಕಸೂತಿ ಮಾತ್ರ ಗೊತ್ತು. ಬರಿಯ ನಡಿಗೆ ಕಲೆಯಾಗಬಲ್ಲುದೆ?
– ಓದುಗರೊಬ್ಬರು, ಮಲ್ಲೇಶ್ವರಂ

ಉತ್ತರ: ಖಂಡಿತ ಆಗಬಲ್ಲುದು. ಇಂಗ್ಲೆಂಡಿನ ಕಲಾವಿದ ರಿಚರ್ಡ್ ಲಾಂಗ್ 1967ರಲ್ಲಿ ಹುಲ್ಲುಗಾವಲೊಂದರಲ್ಲಿ, ತುಳಿದ ಹುಲ್ಲು ಬಾಗಿ ನೇರವಾದ ಗೆರೆಯೊಂದು ಕಾಣಿಸುವವರೆಗೂ ಹಿಂದಕ್ಕೂ ಮುಂದಕ್ಕೂ ನಡೆದು, ಅದರ ಛಾಯಾಚಿತ್ರವನ್ನಷ್ಟೇ ಉಳಿಸಿಕೊಂಡರು; ಕಲಾಲೋಕ ಆ ನಡಿಗೆಯನ್ನೇ ಕೃತಿಯೆಂದು ಒಪ್ಪಿಕೊಂಡಿದೆ. ಅಗಲಿದವರಿಗೆ ಗುರುತು ನಿಲ್ಲಿಸುವುದಂತೂ ನಮ್ಮ ನೆಲಕ್ಕೆ ಹೊಸದಲ್ಲ. ಬೇಗೂರಿನಲ್ಲಿ ಬೆಂಗಳೂರೆಂಬ ಹೆಸರನ್ನು ಹೊತ್ತಿರುವ, ಸುಮಾರು ಕ್ರಿ.ಶ. 890ರ ಶಾಸನವೂ ಕಾಳಗದಲ್ಲಿ ಮಡಿದವರನ್ನು ನೆನೆಯುವ ಕಲ್ಲೇ ಆಗಿದೆ. ಆದರೆ 1882ರಲ್ಲಿ ಕಟ್ಟಿದ ನಿಮ್ಮ ಕೆರೆಯ ದಂಡೆ ಊರಿನವರೆಲ್ಲರದು. ಆದ್ದರಿಂದ ಗುರುತು ಅಲ್ಲಿ ಬೇಡ, ಬಟ್ಟೆಯ ಮೇಲಿರಲಿ.

ಕಸೂತಿ ಮಾತ್ರ ಗೊತ್ತು ಎಂದು ಬರೆದಿದ್ದೀರಿ. ಈ ಕೆಲಸಕ್ಕೆ ಅದಕ್ಕಿಂತ ಒಪ್ಪುವ ವಿದ್ಯೆ ನನಗೆ ತೋಚುತ್ತಿಲ್ಲ. ಕಸೂತಿಯ ಗವಂತಿ ಹೊಲಿಗೆಯಲ್ಲಿ ದಾರವು ಮೊದಲು ನಡುನಡುವೆ ತೆರಪು ಬಿಟ್ಟುಕೊಂಡು ಹೋಗಿ, ಮರಳುವಾಗ ಅದೇ ಹಾದಿಯನ್ನು ಹಿಡಿದು ಆ ತೆರಪುಗಳನ್ನು ತುಂಬುತ್ತದೆ ಎಂಬುದು ನಿಮಗೆ ತಿಳಿದೇ ಇದೆ. ಹೋಗುವ ಸುತ್ತು ನೀವಿಬ್ಬರೂ ಕೂಡಿ ನಡೆದ ದಿನಗಳದಾಗಲಿ, ಮರಳುವ ಸುತ್ತು ಈಗ ನೀವೊಬ್ಬರೇ ನಡೆಯುತ್ತಿರುವ ದಿನಗಳದಾಗಲಿ. ಎರಡಕ್ಕೂ ಬೇರೆ ಬೇರೆ ಬಣ್ಣ ಬೇಡವೆಂದೇ ನನ್ನ ಅಭಿಪ್ರಾಯ: ಯಾವ ಹೊಲಿಗೆ ಯಾವ ದಿನಗಳದೆಂದು ಬೇರ್ಪಡಿಸಲಾಗದಂತೆ ಒಂದೇ ಗೆರೆಯಾಗಬೇಕು.

ಅವರು ಉಡುತ್ತಿದ್ದ ಪಂಚೆಯನ್ನೇ ಆರಿಸಿಕೊಳ್ಳಬಹುದು. ನೇಯ್ಗೆ ತೀರ ನವಿರಾಗಿದ್ದು ಎಳೆ ಎಣಿಸುವುದು ಕಷ್ಟವಾದರೆ, ಅದರ ಮೇಲೆ ಬಿಡಿ ನೇಯ್ಗೆಯ ಬಟ್ಟೆಯನ್ನು ತಾತ್ಕಾಲಿಕವಾಗಿ ಹೊಲಿದುಕೊಂಡು, ಕಸೂತಿ ಮುಗಿದ ಮೇಲೆ ಆ ಮೇಲಿನ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ. ಮೊಬೈಲಿನ ನಕ್ಷೆಯಲ್ಲಿ ಕಾಣುವ ಕೆರೆಯ ಅಂಚನ್ನು ಮೊದಲು ಗ್ರಾಫ್ ಹಾಳೆಗೆ ಇಳಿಸಿಕೊಳ್ಳಿ. ಗವಂತಿ ಅಡ್ಡ, ಉದ್ದ, ಓರೆಯಾಗಿ ಮಾತ್ರ ಸಾಗುವುದರಿಂದ ಬಾಗಿದ ದಂಡೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅದನ್ನು ತಿದ್ದಲು ಹೋಗಬೇಡಿ. ಅವರು ನಿಂತು ಮಾತನಾಡಿಸುತ್ತಿದ್ದ ಜಾಗಗಳಿದ್ದರೆ ಅಲ್ಲಿ ಮಾತ್ರ ಚಿಕ್ಕದೊಂದು ಗೋಪುರವನ್ನೋ ತುಳಸಿ ಕಟ್ಟೆಯನ್ನೋ ಇಡಿ.

ನಡೆದು ಬಂದ ದಿನ ಮಾತ್ರ ಸೂಜಿ ಹಿಡಿಯಿರಿ. ವರ್ಷಾಂತಿಕದೊಳಗೆ ಮರಳುವ ಸುತ್ತು ಮುಗಿಯದಿದ್ದರೂ ಆತುರ ಬೇಡ. ಆದಷ್ಟನ್ನೇ ಅಂದು ಮನೆಯವರ ಮುಂದೆ ಹಾಸಿ ತೋರಿಸಿ, ಉಳಿದದ್ದನ್ನು ಮುಂದಿನ ನಡಿಗೆಗಳಿಗೆ ಬಿಡಿ.