ಜಪಾನಿನ ಅನಿಮೇಷನ್ ಆದ ಅನಿಮೆಯಲ್ಲಿ ಮಾತಿನ ದೃಶ್ಯಗಳು ನಿಂತಂತೆ ಕಂಡು, ಹೊಡೆದಾಟದ ದೃಶ್ಯಗಳು ಮಾತ್ರ ಅಷ್ಟು ಜೀವಂತವಾಗಿರುವುದೇಕೆ?

ಒಂದು ಸೆಕೆಂಡಿಗೆ ಎಷ್ಟು ಹೊಸ ಚಿತ್ರಗಳನ್ನು ಬಿಡಿಸಲಾಗಿದೆ ಎಂಬುದೇ ಇದಕ್ಕೆ ಮುಖ್ಯ ಕಾರಣ. ಪರದೆಯ ಮೇಲೆ ಸೆಕೆಂಡಿಗೆ 24 ಫ್ರೇಮುಗಳು ಹಾದುಹೋಗುತ್ತವೆಯಾದರೂ, ಜಪಾನಿನ ಟಿವಿ ಸರಣಿಗಳಲ್ಲಿ ಸಾಮಾನ್ಯವಾಗಿ ಒಂದೇ ಚಿತ್ರವನ್ನು ಮೂರು ಫ್ರೇಮುಗಳವರೆಗೆ ಉಳಿಸಿಕೊಳ್ಳುವುದರಿಂದ 8 ಚಿತ್ರಗಳಷ್ಟೇ ಸಾಕಾಗುತ್ತವೆ. ಮಾತಿನ ದೃಶ್ಯಕ್ಕೆ ಅಷ್ಟೂ ಬೇಡ: ಮುಖ ಮತ್ತು ದೇಹ ಸ್ಥಿರವಾಗಿದ್ದು, ಮೇಲಿನ ಪದರದಲ್ಲಿ ಮುಚ್ಚಿದ, ಅರೆತೆರೆದ, ಪೂರ್ತಿ ತೆರೆದ ಬಾಯಿಗಳನ್ನು ಅದಲುಬದಲು ಮಾಡಿದರೆ ಪಾತ್ರ ಮಾತನಾಡಿದಂತೆ ಕಾಣುತ್ತದೆ.

1963ರಲ್ಲಿ ಜಪಾನಿನ ಕಾಮಿಕ್ಸ್ ಕಲಾವಿದ ಒಸಾಮು ತೆಜುಕಾ ಅವರ ‘ಆಸ್ಟ್ರೋ ಬಾಯ್’ ಅನಿಮೆ ವಾರಕ್ಕೊಂದು ಕಂತಿನಂತೆ ಪ್ರಸಾರವಾಗತೊಡಗಿದಾಗ, ಕಡಿಮೆ ಹಣ ಮತ್ತು ಸಮಯದಲ್ಲಿ ಕೆಲಸ ಮುಗಿಸಲು ಇಂಥ ಉಪಾಯಗಳನ್ನು ಧಾರಾಳವಾಗಿ ಬಳಸಲಾಯಿತು. ಇದನ್ನು ಸೋಮಾರಿತನವೆಂದು ಹಳಿಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಹೀಗೆ ಉಳಿಸಿದ ಶ್ರಮವೇ ಹೊಡೆದಾಟದ ದೃಶ್ಯಗಳಿಗೆ ಒದಗುತ್ತದೆ. ಪ್ರಮುಖ ಕಲಾವಿದರು ಚಲನೆಯ ಮುಖ್ಯ ಭಂಗಿಗಳನ್ನು ಬಿಡಿಸಿ, ಯಾವ ಚಿತ್ರ ಎಷ್ಟು ಫ್ರೇಮು ನಿಲ್ಲಬೇಕೆಂದು ಸಮಯಪಟ್ಟಿಯಲ್ಲಿ ಗುರುತಿಸುತ್ತಾರೆ. ನಡುವಿನ ಚಿತ್ರಗಳನ್ನು ಬೇರೆಯವರು ತುಂಬುತ್ತಾರೆ. ಮುಷ್ಟಿ ಎತ್ತಿದಾಗ ಚಿತ್ರ ಕ್ಷಣಕಾಲ ತಡೆದು, ಬೀಸುವಾಗ ಪ್ರತಿ ಫ್ರೇಮಿಗೂ ಬದಲಾದರೆ ಪೆಟ್ಟಿನ ತೂಕ ನೋಡುಗರಿಗೆ ತಟ್ಟುತ್ತದೆ. ಆದ್ದರಿಂದ ಚಿತ್ರಗಳ ಸಂಖ್ಯೆ ಹೆಚ್ಚಿದಷ್ಟೂ ಅನಿಮೇಷನ್ ಉತ್ತಮವೆಂಬ ಎಣಿಕೆ ಸರಿಯಲ್ಲ. ಕಂಪ್ಯೂಟರಿನ ತ್ರೀಡಿ ಮಾದರಿಗಳಿಂದ ತಯಾರಾಗುವ ಅನಿಮೆಗಳಲ್ಲಿಯೂ ಬೇಕೆಂದೇ ಕೆಲವು ಫ್ರೇಮುಗಳನ್ನು ಕೈಬಿಟ್ಟು, ಕೈಯಿಂದ ಬಿಡಿಸಿದ ಚಿತ್ರಗಳ ಲಯವನ್ನು ತರುವುದುಂಟು.